ಅಪ್ಪ ಕಲಿಸಿದ ವೀಕ್ಷಕ ವಿವರಣೆ

ಅಜ್ಜ ಕಂಬಳದಲ್ಲಿ, ಅಪ್ಪ ಕಬಡ್ಡಿ ಪಂದ್ಯಗಳಲ್ಲಿ ಮೈಕ್ ಹಿಡಿದವರು. ಆ ಮನೆಯ ಮಗಳೆಂಬ ಒಂದೇ ಕಾರಣಕ್ಕೆ ಕುಂದಾಪುರದ ಕೇಬಲ್ ವಾಹಿನಿಯವರು ಕ್ರಿಕೆಟ್ ಪಂದ್ಯದ ನೇರಪ್ರಸಾರಕ್ಕೆ ನನ್ನನ್ನು ಕರೆದರು.

ಬಸ್ರೂರಿನ ಮನೆಯಲ್ಲಿ ಟಿವಿ ಮುಂದೆ ಕೂತಿದ್ದ ಅಪ್ಪ ಮೂರನೇ ಓವರಿಗೇ ಫೋನ್ ಮಾಡಿದರು. "ಬಾಲ್ ಎಲ್ಲಿಗ್ ಹೋಯ್ತ್ ಅಂದೇಳಿ ನಮ್ಗೂ ಕಾಂತ್. ಟಿವೀಲಿ ಕಾಣ್ದಿದ್ದದ್ದ್ ಎಂತಾರೂ ಹೇಳ್."

ನಾನು ಸುತ್ತ ಕಣ್ಣಾಡಿಸಿದೆ. ಹಲ್ಲುನೋವೆಂದು ಬೆಳಿಗ್ಗೆ ಡಾಕ್ಟರ ಹತ್ತಿರ ಹೊರಟಿದ್ದ ಚಿಕ್ಕಪ್ಪ ಬೌಂಡರಿಯಾಚೆ ಕಬ್ಬು ಜಗಿಯುತ್ತ ಕೂತಿದ್ದರು. ಅದನ್ನೇ ಉತ್ಸಾಹದಿಂದ ವರ್ಣಿಸಿದೆ. ಚಿಕ್ಕಮ್ಮನೂ ಟಿವಿ ನೋಡುತ್ತಿದ್ದಾರೆಂಬುದು ಹೊಳೆಯಲೇ ಇಲ್ಲ.

ಅಪ್ಪ ಸಂಜೆ ಬೆನ್ನು ತಟ್ಟಿದರು. ಚಿಕ್ಕಪ್ಪನಿಗೆ ಮಾತ್ರ ಚಿಕ್ಕಮ್ಮ ಮೂರು ದಿನ ಮೀನು ಬಡಿಸದೆ, ನೋವಿರುವ ಹಲ್ಲಿಗೆ ಒಳ್ಳೆಯದೆಂದು ಬರೀ ಗಂಜಿ ಕೊಟ್ಟರು.