ಮಾಮಾ ಏಕ್ ಅನ್ನುವ ತನಕ

ಕುರನೂರಿನಿಂದ ಅತ್ತಿ ಕಳಿಸಿದ ಗಂಟು ಬಿಚ್ಚಿದಾಗ ಮೊದಲು ಮೂಗಿಗೆ ಬಂದದ್ದು ಶೇಂಗಾ ಹಿಂಡಿಯ, ಅದೇ ಚಟ್ನಿಪುಡಿಯ, ಬೆಳ್ಳುಳ್ಳಿ ವಾಸನೆ. ಅದರ ಹಿಂದೆಯೇ, ತುಸು ಸಂಕೋಚದಿಂದ ಬಂದಂತೆ, ಪೆಟ್ರೋಲಿನದು. ಹಿಂಡಿಗೇ ತಾಗಿತೇನೋ ಎಂದು ಗಾಬರಿಯಾಗಿ ಬೆರಳ ತುದಿಗೆ ಹಚ್ಚಿಕೊಂಡು ನೆಕ್ಕಿ ನೋಡಿದೆ. ಇಲ್ಲ. ವಾಸನೆ ಇದ್ದದ್ದು ಗಂಟು ಕಟ್ಟಿದ ಚಾದರಕ್ಕೆ. ಸೊಲ್ಲಾಪುರದ್ದೇ ಚಾದರ, ಎಷ್ಟೋ ಒಗೆತ ಕಂಡು ಅದರ ಮೇಲಿನ ನವಿಲುಗಳೆಲ್ಲ ಕೋಳಿಗಳಂತೆ ಕಾಣುತ್ತಿದ್ದವು. ಎರಡು ತುದಿಗಳಲ್ಲಿ ಮಾತ್ರ ನೂಲು ಎಳೆದುಕೊಂಡು ಹಗ್ಗದಂತೆ ಹುರಿಗೊಂಡಿತ್ತು. ಅದು ಹಿಂಡಿಯ ಡಬ್ಬಿ ಕಟ್ಟಿ ಆದದ್ದಲ್ಲ, ಮನುಷ್ಯನನ್ನು ಕಟ್ಟಿ ಆದದ್ದು.

ಗಾಬರಿಯಾಗಬೇಡಿ, ಹೇಳುತ್ತೇನೆ. ಆದರೆ ನನ್ನನ್ನು ಪೂರ್ತಿ ನಂಬಲೂ ಬೇಡಿ. ನಾನು ದಿನಚರಿ ಬರೆಯುವವಳು. ಆ ದಿನಗಳ ಪುಟ ತೆಗೆದರೆ ‘ಕುರನೂರ. ವಿಪರೀತ ಬಿಸಿಲು. ಅತ್ತಿ ಸ್ಕೂಟಿ ಕಲಿಯುತ್ತಿದ್ದಾಳೆ’ ಎಂದಷ್ಟೇ ಇದೆ. ಉಳಿದದ್ದೆಲ್ಲ ನನ್ನ ತಲೆಯೊಳಗೆ ಇದ್ದದ್ದು, ಮತ್ತು ಅಲ್ಲಿ ಇಟ್ಟ ಸಾಮಾನು ಇಟ್ಟ ಹಾಗೇ ಇರುತ್ತದೆಂಬ ಭರವಸೆ ನನಗಿಲ್ಲ.

ಅತ್ತಿ ಎಂದರೆ ನನ್ನ ಅಪ್ಪನ ತಂಗಿ ಗಂಗಾಬಾಯಿ. ಮಾಮಾ ಅವಳ ಗಂಡ. ಬೋರಿ ನದಿಯ ಧರಣಕ್ಕೆ, ಎಂದರೆ ಅಣೆಕಟ್ಟಿಗೆ, ಹತ್ತಿದಂತೆ ಅವರ ಹೊಲ. ಮಾಮಾನಿಗೆ ಹರೆಯದಿಂದಲೂ ಮೋಟಾರ್ ಸೈಕಲ್ಲಿನ ಹುಚ್ಚು. ಒಮ್ಮೆ ಅಕ್ಕಲಕೋಟದ ಸಂತೆ ಮುಗಿಸಿ, ಅತ್ತಿ ಚೀಲ ಸರಿಮಾಡಿಕೊಂಡು ಹಿಂದೆ ಕೂರುವಷ್ಟರಲ್ಲಿ ಗಾಡಿ ಬಿಟ್ಟು, ದಾರಿಯುದ್ದಕ್ಕೂ ಅವಳ ಜೊತೆ ಮಾತಾಡುತ್ತ ಊರ ತನಕ ಬಂದಿದ್ದರಂತೆ. ಮನೆ ಮುಂದೆ ಇಳಿದಾಗಲೇ ಹಿಂದೆ ಯಾರೂ ಇಲ್ಲವೆಂದು ತಿಳಿದದ್ದು. ಅವರ ಮಗಳು ಶಾರದಾ ಇದು ಅಪ್ಪನ ಕಥೆಯೇ ಅಲ್ಲ, ಬೇರೆ ಯಾರದ್ದೋ ಎನ್ನುತ್ತಾಳೆ. ಅತ್ತಿಯನ್ನು ಕೇಳಿದರೆ, “ಒಮ್ಮಿ ಅಲ್ಲ, ಎರಡು ಸಲ ಬಿಟ್ಟು ಬಂದಾರ” ಎಂದು ನಗುತ್ತಾಳೆ.

ಇಂಥ ಮಾಮಾನಿಗೆ ಲಕವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಕಾಲು ತುಸು ಬೇಗ ತಿರುಗಿ ಬಂತು, ಹಿಡಿದರೆ ನಿಲ್ಲುತ್ತಿದ್ದರು. ಮಾತು ಮಾತ್ರ ‘ಹಾಂ’ ಎಂಬ ಒಂದೇ ದನಿಗೆ ನಿಂತಿತು. ಮೊದಲ ಕೆಲವು ತಿಂಗಳು ವ್ಯಾಯಾಮ ತಪ್ಪಿಸಬೇಡಿ, ಆಗ ಬಂದದ್ದೇ ಬಂದದ್ದು ಎಂದು ಡಾಕ್ಟರರು ಹೇಳಿದ್ದರು. ವ್ಯಾಯಾಮ ಮಾಡಿಸುವವರು ಅಕ್ಕಲಕೋಟದಲ್ಲಿ. ಊರಿಂದ ಜೀಪೇನೋ ಹೋಗುತ್ತಿತ್ತು. ಆದರೆ ಜೀಪಿನಲ್ಲಿ ಕೂತವರೆಲ್ಲ ಪ್ರೀತಿಯಿಂದಲೇ “ಹ್ಯಾಂಗದೀರಿ ಮಾಲಕರ?” ಎಂದು ಕೇಳುತ್ತಿದ್ದರು. ಉತ್ತರ ಹೇಳಲಾರದೆ ಮಾಮಾನ ಕುತ್ತಿಗೆಯ ನರ ಉಬ್ಬುತ್ತಿತ್ತು. ಎರಡು ಸಲ ಹೋಗಿ, ಮೂರನೆಯ ಸಲ ಜೀಪಿನ ಬಾಗಿಲ ಹತ್ತಿರವೇ ನಿಂತುಬಿಟ್ಟರು.

ಶಾರದಾ ಮದುವೆಯಾಗಿ ಕಂದಲಗಾಂವಕ್ಕೆ ಹೋಗುವಾಗ ಬಿಟ್ಟುಹೋದ ಸ್ಕೂಟಿ ಕಣಜದ ಪಕ್ಕ ಧೂಳು ತಿನ್ನುತ್ತಿತ್ತು. ಅತ್ತಿ ಅದನ್ನು ಒರೆಸಿ ನನಗೆ ಫೋನು ಮಾಡಿದಳು. “ನೀ ದಿನಾ ಸೊಲ್ಲಾಪುರದಾಗ ಹೊಡೀತಿಯಲ್ಲ ತಂಗಿ, ಬಂದು ನನಗ ಕಲಿಸು. ಇವರನ್ನ ನಾನ ಕರಕೊಂಡ ಹೋಗ್ತೀನಿ.”

ಹೋದೆ. ಅತ್ತಿ ಎರಡೇ ದಿನದಲ್ಲಿ ಗಾಡಿಯ ಸಮತೋಲ ಹಿಡಿದಳು. ತಿರುವು, ಬ್ರೇಕು, ಎಮ್ಮೆ ಅಡ್ಡ ಬಂದರೆ ಎಮ್ಮೆಯನ್ನೇ ಬೈಯುವುದು, ಎಲ್ಲ ಬಂತು. ಬಾರದೇ ಉಳಿದದ್ದು ಒಂದೇ, ಬಿಡುವುದು. ನಿಂತ ಗಾಡಿ ಹೊರಡಿಸಬೇಕಾದಾಗ ಒಲೆ ಮೇಲಿನ ಹಾಲು ಉಕ್ಕಿತೇನೋ ಎಂಬಂತೆ ರೇಸ್ ತಿರುವುತ್ತಿದ್ದಳು. ಗಾಡಿ ಹಾರುತ್ತಿತ್ತು. ಒಬ್ಬಳೇ ಇದ್ದಾಗ ಅದು ನಗುವ ಮಾತು. ಮಾಮಾನನ್ನು ಹಿಂದೆ ಕೂರಿಸಿದ ದಿನವೂ ಹಾಗೇ ಆಯಿತು. ಗಾಡಿ ಮುಂದೆ, ಮಾಮಾ ಹಿಂದೆ. ಹಿಂದೆ ನಿಂತಿದ್ದ ನಾನು ಜೋಳದ ಚೀಲ ಹಿಡಿದಂತೆ ಅವರನ್ನು ಹಿಡಿದೆ, ಇಬ್ಬರೂ ಅಂಗಳದಲ್ಲಿ ಕೂತೆವು. ಪೆಟ್ಟೇನೂ ಆಗಲಿಲ್ಲ. ಆದರೆ ಮಾಮಾ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಮರುದಿನ ಗಾಡಿ ತಂದು ನಿಲ್ಲಿಸಿದರೆ ತಿರುಗಿಯೂ ನೋಡಲಿಲ್ಲ.

“ನನ್ನ ಮ್ಯಾಲ ಭರೋಸಾನ ಇಲ್ಲ ಇವರಿಗೆ,” ಎಂದಳು ಅತ್ತಿ. ಹೀಗೆ ಮನೆಯಲ್ಲೇ ಕಳೆದ ಒಂದೊಂದು ದಿನವೂ ಆ ಕೈಯಿಂದ, ಆ ಮಾತಿನಿಂದ ಕಳೆದ ದಿನವೆಂದು ಅವಳಿಗೆ ಗೊತ್ತಿತ್ತು.

ಅಂದೇ ಟೀವಿಯಲ್ಲಿ ರಾಕೆಟ್ ಉಡಾವಣೆ ತೋರಿಸಿದರೆಂದು ನನ್ನ ನೆನಪು. ಬುಡಕ್ಕೆ ಬೆಂಕಿ ಹತ್ತಿತು, ಹೊಗೆ ಎದ್ದಿತು. ರಾಕೆಟ್ ಅಲ್ಲೇ ನಿಂತಂತೆ ಕಂಡಿತು.

“ಕೆಟ್ಟೈತೇನ? ಬೆಂಕಿ ಹಚ್ಚಿದ್ರೂ ಏಳವಲ್ದು,” ಎಂದಳು ಅತ್ತಿ.

“ಏಳಾಕತ್ತೈತಿ ನೋಡ. ಭಾಳ ವಜನ ಇರತೈತಿ ಅತ್ತಿ. ಅದರೊಳಗ ಇರೂದು ಎಲ್ಲಾ ಇಂಧನಾನ. ತನ್ನ ವಜನಾ ಎತ್ತೂದ್ರಾಗ ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗತೈತಿ, ಉಳಿದದ್ದರಾಗ ಮ್ಯಾಲ ಹೋಗಬೇಕು. ಉರಕೋತ ಉರಕೋತ ಹಗರ ಆಗತೈತಿ, ಆವಾಗ ಓಡತೈತಿ.” ನಾನು ಭೌತಶಾಸ್ತ್ರದ ಪದವೀಧರೆ, ಇಂಥ ಅವಕಾಶ ಬಿಡುವವಳಲ್ಲ.

“ಹೊಟ್ಟಿ ಬಿರಿಯಂಗ ಉಂಡಾಂವ ಎದ್ದಂಗ ಅನ್ನು.”

“ಹಾಂ, ಹಂಗ.”

“ಮತ್ತ ಮೊನ್ನಿ ತೋರಿಸಿದ್ರಲ್ಲ, ಕಣ್ಣ ಮುಚ್ಚಿ ತಗಿಯೂದ್ರಾಗ ಮಾಯ ಆತು?”

“ಅದು ಮಿಸೈಲ್. ಸಣ್ಣದು, ಹಗರ. ಲಗೂನ ಹೋಗಿ ಬಡಿಯೂದ ಅದರ ಕೆಲಸ. ಅದರಾಗ ಯಾರೂ ಕುಂಡ್ರೂದಿಲ್ಲಲ್ಲ, ಎಷ್ಟ ಜೋರ ಬಿಟ್ರೂ ನಡೀತೈತಿ. ಮನಶ್ಯಾರು ಕುಂತಿದ್ರ ಜೀವಾನ ಹೋಗತಿತ್ತು.”

ಅತ್ತಿ ಗೋಡೆ ಕಡೆ ಮಲಗಿದ್ದ ಮಾಮಾನ ಬೆನ್ನು ನೋಡಿದಳು. “ನಾ ನಿನ್ನಿ ಮಿಸೈಲ್ ಬಿಟ್ಟೆ ಹಂಗಾರ,” ಎಂದಳು. ಆಮೇಲೆ, “ಮನಶ್ಯಾರು ಕುಂಡ್ರೂ ರಾಕೆಟ್ಟಿನ್ಯಾಗ ಅವರು ಬೀಳೂದಿಲ್ಲೇನ?”

“ಪಟ್ಟಾ ಬಿಗದು ಕಟ್ಟಿರತಾರ.”

ಅತ್ತಿ ಎದ್ದು ಒಳಗೆ ಹೋಗಿ ಈ ಚಾದರ ತಂದಳು.

ಈ ಹೊತ್ತಿಗೆ ಟೀವಿಯವರು ಉಡಾವಣೆಯನ್ನು ಮೊದಲಿನಿಂದ ಮತ್ತೆ ತೋರಿಸಿದರು. ಇಂಗ್ಲಿಷಿನಲ್ಲಿ ಎಣಿಕೆ ಹಿಂದಕ್ಕೆ ಬರುತ್ತಿತ್ತು. ಆಗ ಗೋಡೆಯ ಕಡೆಯಿಂದ ಒಂದು ದನಿ ಬಂತು. “ಚಾರ… ತೀನ… ದೋನ… ಏಕ್.”

ಮಾಮಾ ಮರಾಠಿ ಸಾಲಿಯಲ್ಲಿ ಕಲಿತವರು. ಅಂಕಿ ಅವರಿಗೆ ಮರಾಠಿಯಲ್ಲೇ ಬರುತ್ತದೆ, ನನಗೂ ಹಾಗೆಯೇ. ಮಾತು ಹೋದವರಿಗೂ ಚಿಕ್ಕಂದಿನಲ್ಲಿ ಬಾಯಿಪಾಠವಾದ ಎಣಿಕೆ ಕೆಲವೊಮ್ಮೆ ಉಳಿದಿರುತ್ತದೆ ಎಂದು ಆಮೇಲೆ ಓದಿ ತಿಳಿದೆ. ಆ ಹೊತ್ತಿಗೆ ನಮಗೆ ತಿಳಿದದ್ದು, ‘ಹಾಂ’ ಅಲ್ಲದ ನಾಲ್ಕು ಶಬ್ದ ಆ ಬಾಯಿಂದ ಬಂದವು ಎಂಬುದಷ್ಟೇ. ಅತ್ತಿ ಚಾದರವನ್ನು ಮಡಿಲಲ್ಲಿ ಒತ್ತಿಹಿಡಿದು, ಮಕ್ಕಳನ್ನು ಎಬ್ಬಿಸುವ ದನಿಯಲ್ಲಿ, “ಮತ್ತೊಮ್ಮಿ ಅನ್ರಿ,” ಎಂದಳು. ಅವರು ಅಂದರು.

ಮರುದಿನ ಬೆಳಿಗ್ಗೆ ಮಾಮಾ ಅಂಗಳಕ್ಕೆ ಬಂದರು. ಅತ್ತಿ ಅವರನ್ನು ಕೂರಿಸಿ, ಚಾದರ ಸುತ್ತಿ, ತನ್ನ ಹೊಟ್ಟೆಯ ಮುಂದೆ ಗಂಟು ಹಾಕಿದಳು. ಗಾಡಿ ಚಾಲೂ ಮಾಡಿದಳು. ಆದರೆ ಬಿಡಲಿಲ್ಲ.

“ನೀವ ಅನ್ರಿ. ನೀವು ಏಕ್ ಅಂದ ಮ್ಯಾಲ ಬಿಡ್ತೀನಿ. ಅನ್ನಲಿಲ್ಲಂದ್ರ ಬಿಡೂದಿಲ್ಲ.”

ಆಮೇಲೆ ಮಾಮಾ ಎಡಗೈಯನ್ನು ಅತ್ತಿಯ ಹೆಗಲ ಮೇಲಿಟ್ಟರು. “ತೀನ,” ಎಂದರು. ಉಸಿರು ತಗೊಂಡರು. “ದೋನ.” ಮತ್ತೆ ಉಸಿರು. “ಏಕ್.”

ಗಾಡಿ ಹೊರಟಿತು ಎನ್ನಲು ಧೈರ್ಯ ಬೇಕು. ನಾನು ಪಕ್ಕದಲ್ಲಿ ನಡೆದುಕೊಂಡೇ ಹೋಗುತ್ತಿದ್ದೆ. ಮುಂದಿದ್ದ ಕೋಳಿಯೂ ಅವಸರ ಮಾಡದೆ ಬದಿಗೆ ಸರಿಯಿತು. ಊರ ಅಗಸೆ ಬಾಗಿಲು ದಾಟಿದ ಮೇಲೆ ನಾನು ಓಡಬೇಕಾಯಿತು, ಟಾರ್ ರಸ್ತೆ ಬಂದಾಗ ನಿಂತುಬಿಟ್ಟೆ. ಕಬ್ಬಿನ ಹೊಲಗಳ ನಡುವೆ ನವಿಲಿನ ಚಾದರವೊಂದು ಸಣ್ಣದಾಗುತ್ತ ಹೋಯಿತು.

ಮಾಮಾನನ್ನು ಒಪ್ಪಿಸಿದ್ದು ಚಾದರವೋ ಎಣಿಕೆಯೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಚಾದರವೇ ಎನ್ನುತ್ತಾಳೆ ಶಾರದಾ. ಅಪ್ಪ ಮೊದಲು ಎಣಿಸಿದ್ದು ಗಾಡಿಯ ಮೇಲೆಯೇ, ಟೀವಿ ಮುಂದೆ ಅಲ್ಲ ಎಂದೂ ವಾದಿಸುತ್ತಾಳೆ. ಆದರೆ ಅವಳು ಆಗ ಕಂದಲಗಾಂವದಲ್ಲಿದ್ದಳು. ನಾನು ಅಲ್ಲೇ ಇದ್ದೆ, ಅದೂ ದೊಡ್ಡ ಸಾಕ್ಷಿಯಲ್ಲ. ಇಷ್ಟು ಮಾತ್ರ ಅತ್ತಿ ಹೇಳಿ ಗೊತ್ತು: ಅಕ್ಕಲಕೋಟದ ಚೌಕದಲ್ಲಿ ಗಾಡಿ ನಿಂತರೂ ಅವಳು ಎಣಿಕೆಗೆ ಕಾಯುತ್ತಿದ್ದಳು. ಹಿಂದಿನ ಟ್ರ್ಯಾಕ್ಟರು ಹಾರ್ನ್ ಹೊಡೆಯುತ್ತಿದ್ದರೆ ಮಾಮಾ ಇನ್ನೂ ತೀನದಲ್ಲೇ ಇರುತ್ತಿದ್ದರು. ತಿಂಗಳು ಕಳೆದಂತೆ ಉಸಿರಿನ ತಡೆ ಕಡಿಮೆಯಾಯಿತು. ಒಂದು ದಿನ ಏಕ್ ಆದ ಮೇಲೆ, ಕನ್ನಡದಲ್ಲಿ, “ನಡಿ,” ಎಂದರಂತೆ. ಆ ದಿನ ಅತ್ತಿಗೇ ಗಾಡಿ ಬಿಡಲು ಆಗಲಿಲ್ಲ. ಇಳಿದು ರಸ್ತೆ ಪಕ್ಕ ಕೂತಳಂತೆ; ಇಳಿಯಲು ಮೊದಲು ಗಂಟು ಬಿಚ್ಚಬೇಕಿತ್ತು, ಅದೂ ಬೇಗ ಬಿಚ್ಚಿಕೊಳ್ಳಲಿಲ್ಲ.

ಚಾದರ ಸಿಕ್ಕ ದಿನ ನಾನು ಫೋನಿನಲ್ಲಿ ಎರಡೂ ಉಡಾವಣೆ ಹುಡುಕಿ ನೋಡಿದೆ. ಮಿಸೈಲ್ ಹೊರಟದ್ದು ಕಾಣಲೇ ಇಲ್ಲ, ಹೊಗೆ ಮಾತ್ರ ಉಳಿದಿತ್ತು. ರಾಕೆಟ್ಟಿನದನ್ನು ಮತ್ತೆ ಮತ್ತೆ ನೋಡಿದೆ. ಇಷ್ಟು ವರ್ಷ ಅದು ಚಿಮ್ಮಿತು, ನೆಗೆಯಿತು ಎಂದೇ ದಿನಚರಿಯಲ್ಲಿ ಬರೆಯುತ್ತಿದ್ದೆ. ಅದು ಏಳುತ್ತದೆ, ಅಷ್ಟೇ. ಪಕ್ಕದ ಗೋಪುರವನ್ನು ದಾಟುವಷ್ಟರಲ್ಲಿ ನೋಡುವವರು ಒಮ್ಮೆ ಉಸಿರು ಬಿಟ್ಟು ಎಳೆದುಕೊಳ್ಳಬಹುದು.

ಕಳೆದ ಭಾನುವಾರ ಚಾದರ ಒಗೆಯದೇ ಮಡಚಿಕೊಂಡು ಕುರನೂರಿಗೆ ಹೋದೆ. ಮಾಮಾ ಈಗ ಕೋಲು ಹಿಡಿದು ಹೊಲದ ತನಕ ಹೋಗಿಬರುತ್ತಾರೆ. ಮಾತು ನಿಧಾನ, ಆದರೆ ಇದೆ. ನನ್ನ ಹಳೆಯ ಗಾಡಿಯನ್ನು ಹಳಿಯುವಷ್ಟು ಇದೆ. ಸಂಜೆ ಅತ್ತಿ ನನ್ನನ್ನು ಅಕ್ಕಲಕೋಟದ ಬಸ್‌ಸ್ಟ್ಯಾಂಡಿಗೆ ಬಿಡಲು ಸ್ಕೂಟಿ ತೆಗೆದಳು. ನಾನು ಹಿಂದೆ ಕೂತೆ. ಗಾಡಿ ಚಾಲೂ ಆಯಿತು, ಹೊರಡಲಿಲ್ಲ.

“ಏನಾತ ಅತ್ತಿ? ಬಸ್ ಹೋಗತೈತಿ.”

“ತಡಿ,” ಎಂದಳು.

ಕಟ್ಟೆಯ ಮೇಲೆ ಕೂತಿದ್ದ ಮಾಮಾ ಕೋಲು ಬದಿಗಿಟ್ಟರು. “ತೀನ,” ಎಂದರು, ಸರಾಗವಾಗಿ. “ದೋನ.” ಆಮೇಲೆ ಬಾಯಿ ಮುಚ್ಚಿ ನಮ್ಮಿಬ್ಬರನ್ನೂ ನೋಡುತ್ತ ಕೂತರು. ಅವರು ಉಸಿರಿಗೆಂದು ತಡೆದದ್ದಲ್ಲ. ಮುಖದ ಎಡ ಅರ್ಧ ನಗುತ್ತಿತ್ತು.

“ದಿನಾ ಹಿಂಗ ಮಾಡತಾರ,” ಎಂದಳು ಅತ್ತಿ, ತಿರುಗದೆಯೇ. “ಅನ್ರಿ ಲಗೂನ. ಹುಡಿಗಿ ಬಸ್ ತಪ್ಪತೈತಿ.”

ನಾನು ಗಡಿಯಾರ ನೋಡಲು ಹೋಗಿ ಕೈ ಕೆಳಗಿಳಿಸಿದೆ. ಎಂಜಿನ್ನಿನ ನಡುಕ ಸೀಟಿನಿಂದ ಬೆನ್ನಿಗೆ ಬರುತ್ತಿತ್ತು. ಅತ್ತಿಯ ಬೆರಳು ರೇಸಿನ ಮೇಲೆ ಹಗುರಾಗಿ ಕಾಯುತ್ತಿದ್ದವು. ಮಾಮಾ ಇನ್ನೂ ಏಕ್ ಅಂದಿರಲಿಲ್ಲ.