ಮಚ್ಚೇಂದ್ರನ ಬೆಲ್ ಡಬ್ಬಿ

ಹುಮನಾಬಾದ್ ಬಸ್ ಸ್ಟ್ಯಾಂಡ್ ಹತ್ತಿರ ರೇಡಿಯೊ ರಿಪೇರಿ ಮಾಡುವ ಮಚ್ಚೇಂದ್ರನ ಪಕ್ಕದ್ದೇ ನನ್ನ ಸೈಕಲ್ ಅಂಗಡಿ. ಎರಡು ಸಾವಿರದ ನಾಲ್ಕರಲ್ಲಿ ಅವನಿಗೆ ಮೈಕ್ರೊಕಂಟ್ರೋಲರ್ ಎಂಬ, ಬರೆದುಕೊಟ್ಟಂತೆ ಕೆಲಸ ಮಾಡುವ ಪುಟ್ಟ ಚಿಪ್ಪಿನ ಹುಚ್ಚು ಹಿಡಿಯಿತು. ನಮ್ಮ ಕಡೆ ಕರೆಂಟ್ ಯಾವಾಗ ಬರುತ್ತದೋ ದೇವರಿಗೂ ಗೊತ್ತಿಲ್ಲ. ಅದಕ್ಕೇ ರೈತರು ಬಾವಿಯ ಪಂಪಿನ ಸ್ಟಾರ್ಟರನ್ನು ಆಟೋಗೆ ಹಾಕಿಯೇ ಬಿಟ್ಟಿರುತ್ತಾರೆ. ಕರೆಂಟ್ ಬಂದರೆ ಮೋಟಾರ್ ತಾನೇ ತಿರುಗುತ್ತದೆ, ಬಾವಿಯೊಳಗೆ ಯಾರಿದ್ದರೂ ಸರಿ. ಇದನ್ನು ತಪ್ಪಿಸಲೆಂದೇ ಅವನೊಂದು ಡಬ್ಬಿ ಮಾಡಿದ. ಮೊದಲು ಒಂದು ನಿಮಿಷ ಬೆಲ್, ಆಮೇಲೆ ಮೋಟಾರ್.

ಆ ನಿಮಿಷ ಎಣಿಸುವುದು ಚಿಪ್ಪಿನೊಳಗಿನ ಟೈಮರ್. ಅದಕ್ಕೆ ತಾಳ ಹಾಕುವುದು ಕ್ರಿಸ್ಟಲ್ ಎಂಬ ತಗಡಿನ ಬಿಲ್ಲೆ. ಕ್ರಿಸ್ಟಲ್ಲಿನ ವೇಗ ಇಷ್ಟು, ಸಮಯ ಇಷ್ಟು ಎಂದು ಕಂಪನಿಯವರು ಬರೆದಿಟ್ಟ ಲೈಬ್ರರಿ ಎಂಬ ಸಿದ್ಧ ಪ್ರೋಗ್ರಾಮಿಗೆ ಹೇಳಿದರೆ ಟೈಮರನ್ನು ಅದೇ ಹೊಂದಿಸುತ್ತದೆ. ಕಲಿಯುವ ಬೋರ್ಡಿನಲ್ಲಿ ಎಲ್ಲ ಸರಿಯಿತ್ತು. ಡಬ್ಬಿಗೆ ಮಾತ್ರ ಮೂರು ಪಟ್ಟು ವೇಗದ ಕ್ರಿಸ್ಟಲ್ ಬೆಸುಗೆಯಾಯಿತು, ಲೈಬ್ರರಿಗೆ ಹೇಳಿದ್ದು ಹಳೆಯ ವೇಗವೇ ಉಳಿಯಿತು. ಒಂದು ಸಲ ಚಾಲೂ ಮಾಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಮೊದಲ ಗಿರಾಕಿ, ಬಸವಕಲ್ಯಾಣದ ಹತ್ತಿರ ನಾರಾಯಣಪುರದ ಮಹಾರುದ್ರಪ್ಪನವರು, ಪೂಜೆಯಾಗದೆ ಹೊಸ ಮಷಿನ್ ಚಾಲೂ ಮಾಡಕೂಡದು ಎಂದು ಹಟ ಹಿಡಿದರು. ಹಿರಿಯರ ಮಾತು ಮೀರಲಾರದೆ ಇವನೂ ತಲೆಯಾಡಿಸಿದ.

ಪೂಜೆಗೆ ನಾನೂ ಹೋಗಿದ್ದೆ. ಡಬ್ಬಿಗೆ ವಿಭೂತಿ ಬಳಿದು ಕಾಯಿ ಒಡೆದಾಗ ಕರೆಂಟ್ ಇರಲಿಲ್ಲ. ಡಬ್ಬಿ ಇದೆಯಲ್ಲ ಎಂಬ ಧೈರ್ಯದಲ್ಲಿ ಅವರ ಮಗ ಸಂಜೀವಕುಮಾರ ಬಾವಿಗಿಳಿದು, ಮೋಟಾರನ್ನು ಪಂಪಿಗೆ ಜೋಡಿಸುವ ಕಪ್ಲಿಂಗಿನ ಬೋಲ್ಟ್ ಬಿಗಿಯತೊಡಗಿದ. ಅಷ್ಟರಲ್ಲಿ ಕರೆಂಟ್ ಬಂದು ಬೆಲ್ ಹೊಡೆಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮೇಲೆ ಬಾ ಎಂದು ತಂದೆ ಕರೆದರೆ ಅವನು ನಕ್ಕ.

"ಇನ್ನಾ ಟೈಮ್ ಅದಲ್ಲಪ್ಪಾ."

ಬೆಲ್ ನಿಂತಿತು. ಮೋಟಾರ್ ತಿರುಗಿತು.

ಬಲಗೈಯ ಎರಡು ಬೆರಳು ಹೋದವು. ಚಪ್ಪಾಳೆ ತಟ್ಟಿದ್ದು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಸಂಜೀವಕುಮಾರನನ್ನು ಕೂರಿಸಿಕೊಂಡು ಜೀಪು ಆಸ್ಪತ್ರೆಗೆ ಹೋದ ಮೇಲೆ ಮಚ್ಚೇಂದ್ರ ಡಬ್ಬಿ ಬಿಚ್ಚಿ, ಕ್ರಿಸ್ಟಲ್ ಮೇಲಿನ ಅಂಕಿ ನೋಡಿ ಅಲ್ಲೇ ಕುಸಿದ. ನಿಮಿಷವೆಂದದ್ದು ಇಪ್ಪತ್ತೇ ಸೆಕೆಂಡಿಗೆ ಮುಗಿದಿತ್ತು. ಪೂಜೆಯ ಮಾತನ್ನು ಅವನು ಎತ್ತಲೇ ಇಲ್ಲ.

ಸಂಜೀವಕುಮಾರನ ಗಾಯ ಮಾಯ್ದ ಮೇಲೆ, ಮಚ್ಚೇಂದ್ರ ಸರಿಪಡಿಸಿದ ಡಬ್ಬಿ ಹಿಡಿದು ಅದೇ ಬಾವಿಗೆ ಹೋದ. ಬೇಡವೆಂದರೂ ನನ್ನನ್ನು ಎಳೆದುಕೊಂಡು ಹೋದ. ಇನ್ನು ಇದನ್ನು ಯಾರು ನಂಬುತ್ತಾರೆ ಎಂದರು ಮಹಾರುದ್ರಪ್ಪನವರು. ಅವನು ಡಬ್ಬಿ ಕೂಡಿಸಿ, ಬಾವಿಗಿಳಿದು ಕಪ್ಲಿಂಗ್ ಮೇಲೆ ತನ್ನ ಬಲಗೈ ಇಟ್ಟ.

"ಗಡಿಯಾರ ನೋಡ್ಕೋತ ನಿಂದರ್ರಿ ಸಂಜೀವಣ್ಣ. ನೀವು ಅಂದಾಗೇ ಕೈ ತಗೀತೀನ್ರಿ."

ಅವತ್ತು ಕರೆಂಟ್ ಇತ್ತು. ಮೇನ್ ಸ್ವಿಚ್ ಹಾಕು ಎಂದ ನನಗೆ. ತಲೆಗಿಲೆ ಕೆಟ್ಟಿದೆಯೇನೋ ಎಂದು ಬೈದೆ. ಮಹಾರುದ್ರಪ್ಪನವರೇ ಎದ್ದು ಹೋಗಿ ಹಾಕಿಬಿಟ್ಟರು.

ಬೆಲ್ ಶುರುವಾಯಿತು. ಸಂಜೀವಕುಮಾರ ಗಡಿಯಾರ ನೋಡಲೇ ಇಲ್ಲ, ಆ ಕೈಯನ್ನೇ ನೋಡುತ್ತಿದ್ದ. ಇದ್ದಕ್ಕಿದ್ದಂತೆ ತಂದೆಯನ್ನು ತಳ್ಳಿ, ಉಳಿದ ಬೆರಳುಗಳಲ್ಲೇ ಸ್ವಿಚ್ ಎಳೆದು ಆರಿಸಿಬಿಟ್ಟ. ಡಬ್ಬಿ ನಿಮಿಷ ಪೂರ್ತಿ ಎಣಿಸುತ್ತದೋ ಇಲ್ಲವೋ, ಅವತ್ತು ಯಾರೂ ನೋಡಲಿಲ್ಲ.