ಅಡಿಪಾಯದಲ್ಲಿ ಹರಿವೆ ಬಿತ್ತಿದ ಅಮ್ಮ

ಸರಳವಾಗಿ ಬದುಕಿ, ಸುಖವಾಗಿರಿ ಎಂದು ವೇದಿಕೆಯ ಮೇಲೆ ನಿಂತು ಬೋಧಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ! ಹೇಳುವವರ ಹಾಸಿಗೆ ಎಷ್ಟು ಉದ್ದ ಎಂದು ಮೊದಲು ಅಳೆದು ನೋಡಬೇಕು. ನಮ್ಮ ಅಮ್ಮ ಮಿತವಾಗಿ ಬದುಕಿದವಳು, ನಮ್ಮನ್ನೂ ಹಾಗೆಯೇ ಬದುಕಿಸಿದವಳು. ಅದರಿಂದ ನಮ್ಮ ಬಾಳು ಹಸನಾಯಿತು ಎಂದು ಯಾರು ಕೇಳಿದರೂ ಹೇಳುತ್ತೇನೆ. ಆದರೆ ಅವಳು ಅದನ್ನು ಯಾವ ತತ್ವಕ್ಕಾಗಿಯೂ ಮಾಡಲಿಲ್ಲ. ಗಂಡ ಮನೆಯಲ್ಲಿ ಉಳಿಯಬೇಕು, ಜೀವಸಹಿತ ಉಳಿಯಬೇಕು ಎಂಬ ಒಂದೇ ಹಟಕ್ಕೆ ಮಾಡಿದಳು.

ಅಪ್ಪ ಎಪ್ಪತ್ತರ ದಶಕದಲ್ಲಿ ಗಲ್ಫಿಗೆ ಹೋದವರು. ಕಾಪುವಿನಿಂದ ಉಚ್ಚಿಲದ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಸಮುದ್ರದ ಬದಿಗೆ ಇಳಿದರೆ ನಮ್ಮ ಹಂಚಿನ ಮನೆ. ಅದರ ಪಕ್ಕದಲ್ಲಿ ಒಂದು ತಾರಸಿ ಮನೆ ಏಳಬೇಕು ಎಂಬುದು ಅಪ್ಪನ ಆಸೆ. ಅವರಿಗಿಂತ ಹೆಚ್ಚಾಗಿ ಅದು ಅವರ ಅಕ್ಕನ ಆಸೆ. ಈ ಅತ್ತೆ ಬೇಲಿಯಾಚೆಯ ಮನೆಯಲ್ಲಿದ್ದರು. ನಮ್ಮ ಒಲೆಯ ಮೇಲೆ ಎಂತ ಬೇಯುತ್ತಿದೆ ಎಂಬುದು ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ಅಪ್ಪ ನನಗೂ ತಮ್ಮನಿಗೂ ಸೋಪು, ಸೆಂಟು, ಟಾರ್ಚು ತರುವ ಒಬ್ಬ ನೆಂಟ. ಉಳಿದ ದಿನಗಳಲ್ಲಿ ಅವರು ಕ್ಯಾಸೆಟ್ಟಿನೊಳಗಿನ ಸ್ವರ. ಊರಿಗೆ ಬರುವವರ ಕೈಯಲ್ಲಿ ಅವರು ಮಾತು ತುಂಬಿಸಿ ಕಳುಹಿಸುತ್ತಿದ್ದ ಕ್ಯಾಸೆಟ್ಟನ್ನು ನಾವು ಟೇಪ್‌ರೆಕಾರ್ಡರಿಗೆ ಹಾಕಿ ಸುತ್ತ ಕೂರುತ್ತಿದ್ದೆವು. "ಮಕ್ಕಳು ಅಮ್ಮನ ಮಾತು ಕೇಳಬೇಕು" ಎಂದು ಸ್ವರ ಹೇಳಿದರೆ ತಮ್ಮ ಬಗ್ಗಿ ಆ ಪೆಟ್ಟಿಗೆಗೆ "ಹೂಂ" ಎನ್ನುತ್ತಿದ್ದ. ನನಗೆ ನಗು ತಡೆಯುತ್ತಿರಲಿಲ್ಲ. ಅಮ್ಮ ನಕ್ಕದ್ದನ್ನು ನಾನು ನೋಡಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ರಜೆಗೆ ಬಂದ ಅಪ್ಪ ಬಾವಿಯಿಂದ ಒಂದು ಕೊಡ ನೀರು ಸೇದಿ, ಕಟ್ಟೆ ಹಿಡಿದು ನಿಂತುಬಿಟ್ಟರು. ಉಸಿರು ಸಿಗುತ್ತಿರಲಿಲ್ಲ. ತುಟಿ ಕಪ್ಪಿಟ್ಟಿತ್ತು. ಮರುದಿನವೇ ಅಮ್ಮ ಅವರನ್ನು ಮಣಿಪಾಲಕ್ಕೆ ಹೊರಡಿಸಿದಳು, ನನ್ನನ್ನೂ ಕರೆದುಕೊಂಡಳು. ಡಾಕ್ಟರು ಬಹಳ ಹೊತ್ತು ಎದೆ ಪರೀಕ್ಷಿಸಿ, "ಸಣ್ಣವರಿದ್ದಾಗ ಗಂಟುಗಂಟು ನೋಯುವ ಜ್ವರ ಬಂದಿತ್ತಾ?" ಎಂದು ಕೇಳಿದರು. ಬಂದಿತ್ತಂತೆ. ಆ ಜ್ವರ ಹೃದಯದ ಕವಾಟವನ್ನು ಹಾಳು ಮಾಡಿ ಹೋಗಿದೆ, ಇನ್ನು ಭಾರದ ಕೆಲಸ ಕೂಡದು, ಉಪ್ಪು ಬಿಡಬೇಕು, ಮಾತ್ರೆ ತಪ್ಪಿಸಬಾರದು ಎಂದರು. ಅಪ್ಪ ಅಲ್ಲಿ ಮಾಡುತ್ತಿದ್ದದ್ದು ಬಿಸಿಲಿನಲ್ಲಿ ಕಬ್ಬಿಣ ಹೊರುವ ಕೆಲಸ.

ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಮೆಲ್ಲಗೆ ಹೇಳಿದ್ದು ಹಿಂದಿನ ಸೀಟಿನಲ್ಲಿದ್ದ ನನಗೂ ಕೇಳಿಸಿತು. "ಇನ್ನೊಂದು ಎರಡು ವರ್ಷ ಮಾರಾಯ್ತಿ. ಮನೆ ಒಂದು ಎದ್ದು ನಿಲ್ಲಲಿ. ಮತ್ತೆ ಬಂದು ಕೂತೇ ಬಿಡುತ್ತೇನೆ."

ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು.

ತಾರಸಿ ಮನೆಗೆ ಹಿಂದಿನ ರಜೆಯಲ್ಲೇ ಅಡಿಪಾಯ ಬಿದ್ದಿತ್ತು. ಕೆಂಪು ಕಲ್ಲಿನ ಸಾಲು ಮೊಣಕಾಲೆತ್ತರಕ್ಕೆ ನಿಂತು, ಮೂಲೆಗಳಲ್ಲಿ ಕಂಬದ ಸರಳುಗಳು ತುಕ್ಕು ಹಿಡಿಯುತ್ತಿದ್ದವು. ಮೊದಲ ಮಳೆ ಬಿದ್ದ ವಾರ, ಅಪ್ಪ ಟಿಕೇಟಿನ ವಿಚಾರಕ್ಕೆ ಉಡುಪಿಗೆ ಹೋಗಿದ್ದ ದಿನ, ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾರೆ ಹಿಡಿದು ಆ ಅಡಿಪಾಯದೊಳಗೆ ಇಳಿದಳು. ಕೋಣೆಕೋಣೆಯನ್ನೂ ಅಗೆದು ಸೆಗಣಿಗೊಬ್ಬರ ಸುರಿದು ಹರಿವೆ, ಬೆಂಡೆ, ಅಲಸಂಡೆ ಬಿತ್ತಿದಳು. ಕಂಬದ ಸರಳುಗಳಿಗೆ ಕೋಲು ಕಟ್ಟಿ ಬಸಳೆಗೆ ಚಪ್ಪರ ಹಾಕಿದಳು. ನಾವಿಬ್ಬರೂ ಮಣ್ಣು ಹೊತ್ತೆವು. ಎಂತಕ್ಕೆ ಎಂದು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಅತ್ತೆ ಬೇಲಿಯ ಹತ್ತಿರ ಬಂದು ನಿಂತರು. "ಎಂತ ಇದು! ಹಾಲ್‌ನಲ್ಲಿ ಹರಿವೆ, ಬೆಡ್‌ರೂಮಿನಲ್ಲಿ ಬೆಂಡೆ! ನನ್ನ ತಮ್ಮ ರಕ್ತ ಬಸಿದು ಹಾಕಿದ ಕಲ್ಲು ಅದು. ನಾಳೆ ಊರೆಲ್ಲ ನಗುವುದಿಲ್ಲವಾ?"

"ನಗಲಿ ಅತ್ತಿಗೆ. ನಗುವುದಕ್ಕೆ ಎಂತ ಖರ್ಚುಂಟು?" ಎಂದಳು ಅಮ್ಮ.

ಸಂಜೆ ಅಪ್ಪ ಬಂದು ನೋಡಿದವರೇ ಚಪ್ಪರವನ್ನು ಒದ್ದರು. ಕೋಲು ಮುರಿಯಿತು. ಅಷ್ಟು ಮಾಡಿದ್ದಕ್ಕೇ ಕಲ್ಲಿನ ಮೇಲೆ ಕುಸಿದು ಕೂತು ಬಾಯಿ ತೆರೆದು ಉಸಿರೆಳೆದರು. ಅಮ್ಮ ಹತ್ತಿರ ಹೋಗಲಿಲ್ಲ, ನೀರೂ ತರಲಿಲ್ಲ. ಎಂತ ಕಲ್ಲು ಹೆಂಗಸು ಎಂದು ನನಗೆ ಆ ಹೊತ್ತಿಗೆ ಅನ್ನಿಸಿತು.

"ನೀವು ಹೋಗುವುದಾದರೆ ನಾನು ಕೈ ಹಿಡಿದು ಎಳೆಯುವುದಿಲ್ಲ," ಎಂದಳು ಅವಳು. "ಆದರೆ ಮನೆ ಕಟ್ಟಲಿಕ್ಕೆ ಅಂತ ಹೇಳಿ ಹೋಗಬೇಡಿ. ಆ ಮನೆ ಇನ್ನಿಲ್ಲ. ಬೇರೆ ಎಂತಕ್ಕೆ ಹೋಗುವುದು ಅಂತ ಹೇಳಿ, ಕೇಳುವ."

ಅಪ್ಪನ ಹತ್ತಿರ ಬೇರೆ ಕಾರಣ ಇರಲಿಲ್ಲ. ವೀಸಾದ ಅವಧಿ ಮುಗಿಯುವ ದಿನ ಇಡೀ ಹಗಲು ಗೋಡೆಗೆ ಮುಖ ಮಾಡಿ ಮಲಗಿದರು. ಮರುದಿನ ಬೆಳಿಗ್ಗೆ ಎದ್ದು ಗಂಜಿಗೆ ಕೂತರು.

ಇನ್ನು ನಮ್ಮ ಸಂಸಾರ! ಟೇಪ್‌ರೆಕಾರ್ಡರು ಉಡುಪಿಯ ಬನ್ನಂಜೆ ಕಡೆಯ ಒಬ್ಬರಿಗೆ ಮಾರಾಟವಾಯಿತು. ಚಹಾ ನಿಂತಿತು. ಕಾರ್ಕಳದಿಂದ ಮಾವ ಕಳುಹಿಸುವ ಕುಚ್ಚಲಕ್ಕಿಯ ಗಂಜಿ, ಹೀರೆಕಾಯಿಯ ತಿರುಳಿನ ಪಲ್ಯ, ಅದರ ಸಿಪ್ಪೆಯ ಚಟ್ನಿ. ಬೂತಾಯಿ ರಾಶಿ ಬಿದ್ದು ಕೇಳುವವರಿಲ್ಲದ ದಿನ ಮಾತ್ರ ಮೀನು. ಮಳೆಗಾಲಕ್ಕೆ ಜಂತಿಗೆ ತೂಗುಹಾಕಿದ ಸೌತೆಕಾಯಿ. ಅಪ್ಪನಿಗೆ ಉಪ್ಪು ಇಲ್ಲವೆಂದ ಮೇಲೆ ಯಾರಿಗೂ ಇಲ್ಲ. ಅವರೊಬ್ಬರೇ ಸಪ್ಪೆ ತಿನ್ನುವುದು ಅವಳಿಗೆ ಬೇಡವಾಗಿತ್ತು. ಮೊದಲ ತಿಂಗಳು ಅದನ್ನು ನುಂಗಲಿಕ್ಕಾಗದೆ ತಮ್ಮ ಅತ್ತುಬಿಡುತ್ತಿದ್ದ. ನನ್ನ ಲಂಗದ ಅಂಚನ್ನು ಬಿಚ್ಚಿ ಬಿಚ್ಚಿ ಉದ್ದ ಮಾಡಿದ ಗೆರೆಗಳನ್ನು ನೋಡಿ ಶಾಲೆಯಲ್ಲಿ ಹುಡುಗಿಯರು ನಗುತ್ತಿದ್ದರು. ಇದರಲ್ಲಿ ಚೆಂದ ಉಂಟು ಎಂದು ನಾನು ಹೇಳುವುದಿಲ್ಲ. ನಾಚಿಕೆ ನಾಚಿಕೆಯೇ.

ಅಮ್ಮ ಬೀಡಿ ಕಟ್ಟುತ್ತಿದ್ದಳು. ಅಪ್ಪ ಕೆಲವು ತಿಂಗಳು ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ರಸ್ತೆ ನೋಡಿದರು. ಆಮೇಲೆ ಒಂದು ದಿನ ಕತ್ತರಿ ಎಳೆದುಕೊಂಡು ಬೀಡಿಯ ಎಲೆ ಕತ್ತರಿಸಲಿಕ್ಕೆ ಕೂತರು. ಗಲ್ಫಿನಿಂದ ಬಂದ ಗಂಡಸು ಹೆಂಡತಿಯ ಬೀಡಿಗೆ ಎಲೆ ಕತ್ತರಿಸುವುದೆಂದರೆ! ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎಂದು ಅತ್ತೆ ನಮಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತಿದ್ದರು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಆದರೆ ಆ ಜಗಲಿಯಲ್ಲೇ ನಮ್ಮ ಅಪ್ಪ ಅಮ್ಮ ಜಗಳವಾಡುವುದನ್ನು ನಾವು ಮೊದಲ ಬಾರಿಗೆ ಕೇಳಿದೆವು. ಅಬ್ಬ, ಎಷ್ಟು ಚೆಂದ ಇತ್ತು! "ಎಲೆ ಸಣ್ಣ ಕತ್ತರಿಸಿದಿರಿ, ಬೀಡಿಯವರು ವಾಪಸು ಬಿಸಾಡುತ್ತಾರೆ" ಎಂದು ಅವಳು. "ನಿನ್ನ ಕೈಯೇ ದೊಡ್ಡದು ಮಾರಾಯ್ತಿ" ಎಂದು ಅವರು. ಅಪ್ಪನಿಗೆ ಕೆಟ್ಟ ಜೋಕು ಹೇಳುವ ಚಾಳಿ ಉಂಟೆಂದು, ತಾವೇ ಮೊದಲು ನಗುತ್ತಾರೆಂದು, ಗುಡುಗಿಗೆ ಹೆದರುತ್ತಾರೆಂದು ನಮಗೆ ಗೊತ್ತಾದದ್ದು ಆಗಲೇ. ಅಲ್ಲಿ ಒಂದು ಕೋಣೆಯಲ್ಲಿ ಮಂಚದ ಮೇಲೆ ಮಂಚ ಹಾಕಿ ಹತ್ತಾರು ಗಂಡಸರು ಮಲಗುವುದನ್ನು ಅವರು ಹೇಳಿದ್ದೂ ಆಗಲೇ. ಕ್ಯಾಸೆಟ್ಟಿನಲ್ಲಿ ಅದು ಎಂದೂ ಬಂದಿರಲಿಲ್ಲ. ಸಂಜೆ ತಮ್ಮನ ಹೆಗಲು ಹಿಡಿದು ಕಡಲ ಬದಿಗೆ ನಡೆಯುತ್ತಿದ್ದರು, ಅಲ್ಲಲ್ಲಿ ನಿಂತು, ಉಸಿರು ತಂದುಕೊಂಡು. ಅವರು ಬರುವುದು ತಡವಾದರೆ ಅಮ್ಮ ಬೀಡಿಯ ಮೊರ ಬದಿಗಿಟ್ಟು ದಾರಿಗೆ ಬಂದು ನಿಲ್ಲುತ್ತಿದ್ದಳು.

ಹೀಗೆ ಕೆಲವು ವರ್ಷ ಸಿಕ್ಕಿತು. ಎಂಬತ್ತರ ದಶಕದ ಮಧ್ಯದ ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಕಾಲು ಬಾತುಕೊಂಡಿತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೊರಗಿ ಕೂತೇ ನಿದ್ದೆ ಮಾಡತೊಡಗಿದರು. ಮಣಿಪಾಲದ ಡಾಕ್ಟರು ಈ ಸಲ ಅಮ್ಮನ ಮುಖ ನೋಡದೆ ಮಾತನಾಡಿದರು. ಮದ್ರಾಸಿನಲ್ಲಿ ಕವಾಟ ಬದಲಿಸುವ ಆಪರೇಷನ್ ಉಂಟು, ಖರ್ಚು ದೊಡ್ಡದು, ಬದುಕುತ್ತಾರೆಂದು ಬರೆದು ಕೊಡಲಿಕ್ಕಾಗುವುದಿಲ್ಲ ಎಂದರು.

ಮನೆಗೆ ಬಂದ ಕೂಡಲೇ ಅಮ್ಮ ಹೇಳಿದಳು, "ಮನೆ ಹಿಂದಿನ ತೆಂಗಿನ ತೋಟ ಮಾರುವ."

ನಮ್ಮಲ್ಲಿದ್ದ ಆಸ್ತಿ ಅದೊಂದೇ. ಅಪ್ಪ ತಲೆಯಲ್ಲಾಡಿಸಿದರು. "ಬೇಡ. ಮಕ್ಕಳಿಗೆ ಎಂತ ಉಳಿಯುತ್ತದೆ? ಸಿಕ್ಕಿದ್ದರಲ್ಲಿ ಬದುಕಬೇಕು ಅಂತ ನೀನೇ ಕಲಿಸಿದ್ದಲ್ವಾ? ಸಿಕ್ಕಿದ್ದು ಇಷ್ಟು. ನನಗೆ ಇಷ್ಟು ಸಾಕು."

ಅಮ್ಮ ಕಿರುಚಿದ್ದನ್ನು ನಾನು ಕೇಳಿದ್ದು ಜೀವನದಲ್ಲಿ ಅದೊಂದೇ ಸಲ. "ಚಹಾ ಸಾಕು ಅಂದೆ, ಮೀನು ಸಾಕು ಅಂದೆ, ಕಟ್ಟುವ ಮನೆಯನ್ನೇ ಸಾಕು ಅಂದೆ. ನೀವು ಸಾಕು ಅಂತ ನಾನು ಎಂದಾದರೂ ಹೇಳಿದ್ದುಂಟಾ? ಎಂತಕ್ಕೆ ಅಂತ ಮಾಡಿದ್ದು ನಾನು ಇದನ್ನೆಲ್ಲ?"

ಅಪ್ಪನ ಕಣ್ಣು ತುಂಬಿತು. "ಆಯ್ತು ಮಾರಾಯ್ತಿ," ಎಂದರು, "ಹೋಗುವ."

ಗಿರಾಕಿಯನ್ನು ಹುಡುಕಿ ತಂದವರು ಅತ್ತೆಯೇ. ಮುಂದಿನ ಎರಡು ದಿನ ಅವರು ಚಪ್ಪಲಿ ಸವೆಯುವಷ್ಟು ತಿರುಗಿದರು. ಭಾನುವಾರ ಬೆಳಿಗ್ಗೆ ಜಾಗ ನೋಡಲು ಬಂದವರು ನಮ್ಮ ಅಂಗಳದಲ್ಲಿ ಸೇರಿದ್ದ ಜನರನ್ನು ಕಂಡು ಬೇಲಿಯ ತಡಮೆಯ ಹತ್ತಿರವೇ ನಿಂತು, ಚಪ್ಪಲಿ ಬಿಟ್ಟು, ಒಳಗೆ ಬಂದು, ತಲೆಯ ಹತ್ತಿರ ದೀಪವಿಟ್ಟು ಮಲಗಿಸಿದ್ದ ಅಪ್ಪನ ಕಾಲಿನ ಬದಿಯಲ್ಲಿ ಕೈ ಮುಗಿದರು.

ತೋಟ ನಮಗೇ ಉಳಿಯಿತು.